ತಿರುಳಿನ ಮಣ್ಣು

"ತಿರುಳು ಇನ್ನೂ ಹಸಿ ಇದೆ" ಎಂದು ಆಕೆ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಈಚೆಯಿಂದ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಶೆಡ್ಡಿನೊಳಗೆ ಕುಲುಮೆ ಭೋರೆನ್ನುತ್ತಿತ್ತು. ಗಡ್ಡದ ಶಿಲ್ಪಿ ಉದ್ದನೆಯ ಇಕ್ಕಳದಿಂದ ಮೂಸೆಯನ್ನು ಎತ್ತಿ, ಮರಳಿನಲ್ಲಿ ಅರ್ಧ ಹೂತಿದ್ದ ಮಣ್ಣಿನ ಅಚ್ಚಿನ ಬಾಯಿಗೆ ಕರಗಿದ ಕಂಚನ್ನು ಹೊಯ್ಯುತ್ತಿದ್ದ. ನೋಡಲು ಬಂದಿದ್ದ ಇಪ್ಪತ್ತು ಮೂವತ್ತು ಮಂದಿ ಫೋನುಗಳನ್ನು ಮುಂದೆ ಹಿಡಿದು ನಿಂತಿದ್ದರು. ಕಿತ್ತಳೆ ಬಣ್ಣದ ಧಾರೆ ಒಂದು ಕ್ಷಣ ಸರಿಯಾಗಿ ಒಳಗಿಳಿಯಿತು. ಆಮೇಲೆ ಅಚ್ಚು ಗಂಟಲು ಕಟ್ಟಿದವರಂತೆ ಗೊರ್ರೆಂದಿತು. ಒಳಗೆ ಹೋದ ಲೋಹವೆಲ್ಲ ಉಕ್ಕಿದ ಹಾಲಿನ ಹಾಗೆ ಮೇಲೆದ್ದು, ಮರಳಿನ ಮೇಲೆ ಮಣಿ ಮಣಿಯಾಗಿ ಚೆಲ್ಲಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು.

ಆಕೆ ಚಪ್ಪಾಳೆ ತಟ್ಟಲಿಲ್ಲ. ತರಕಾರಿ ಚೀಲವನ್ನು ಕೈ ಬದಲಾಯಿಸಿಕೊಂಡು, "ಹೇಳಿದ್ನಲ್ಲ, ಹಸಿ ಇತ್ತು" ಎಂದಳು, ಈ ಸಲ ಸ್ವಲ್ಪ ಜೋರಾಗಿಯೇ.

ಜನರ ಕ್ಷಮೆ ಕೇಳಲೆಂದು ಹಗ್ಗದ ಹತ್ತಿರ ಬಂದಿದ್ದ ಹೆಂಗಸೊಬ್ಬಳು ಅಲ್ಲೇ ನಿಂತಳು. ಕೂದಲಿನ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ, ಮುಖದ ತುಂಬ ಮಸಿ ಬಳಿದುಕೊಂಡಿದ್ದ ಆ ಹೆಂಗಸು ವಸ್ತುಸಂಗ್ರಹಾಲಯದ ಸಂಶೋಧಕಿ. ಹಸಿ ಇತ್ತೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಆಕೆ ಮೂಗಿನ ತುದಿಯನ್ನು ಮುಟ್ಟಿ ತೋರಿಸಿದಳು. ಮೂವತ್ತೊಂದು ವರ್ಷ ಆ ವಾಸನೆಯಲ್ಲೇ ಬದುಕಿದವಳಿಗೆ ಅದನ್ನು ಹೇಗೆ ವಿವರಿಸುವುದೆಂದು ಹೊಳೆಯಲಿಲ್ಲ.

ಆ ಶೆಡ್ಡು ಒಂದು ಕಾಲಕ್ಕೆ ಎರಕದ ಕಾರ್ಖಾನೆಯಾಗಿತ್ತು. ಪಂಪುಗಳು, ಕೊಳವೆಯ ತಿರುವುಗಳು, ನೀರಿನ ಕವಾಟಗಳು ಅಲ್ಲಿ ತಯಾರಾಗುತ್ತಿದ್ದವು. ಅದು ಬಾಗಿಲು ಹಾಕಿ ಹದಿನೆಂಟು ವರ್ಷವಾಗಿತ್ತು. ಈಗ ಮಾಡು ರಿಪೇರಿಯಾಗಿ, ಗೋಡೆಗೆ ಬಿಳಿ ಬಣ್ಣ ಬಂದು, ಅದು ಕಲಾಕೇಂದ್ರವಾಗಿತ್ತು. ಮಾರುಕಟ್ಟೆಯಿಂದ ಮನೆಗೆ ಹೋಗುವಾಗ ಆಕೆ ಯಾವತ್ತೂ ಆಚೆ ಬದಿಯ ಕಾಲುದಾರಿಯಲ್ಲೇ ಹೋಗುತ್ತಿದ್ದಳು. ಆ ದಿನ ಮಾತ್ರ ಗೇಟಿನ ಬೋರ್ಡು ಕಣ್ಣಿಗೆ ಬಿತ್ತು. ಮೂರು ಸಾವಿರ ವರ್ಷ ಹಿಂದಿನ ಕಂಚಿನ ಎರಕವನ್ನು ಮತ್ತೆ ಮಾಡಿ ತೋರಿಸುತ್ತೇವೆ, ಎಲ್ಲರೂ ಬನ್ನಿ, ಎಂದಿತ್ತು. ಕಾಲು ತಾನಾಗಿ ಒಳಗೆ ಹೋಗಿತ್ತು.

ಟೊಳ್ಳಾದ ವಸ್ತುವನ್ನು ಎರಕ ಹೊಯ್ಯಬೇಕಾದರೆ ಹೊರಗೊಂದು ಅಚ್ಚು ಬೇಕು, ಒಳಗೊಂದು ಮಣ್ಣಿನ ಮುದ್ದೆ ಬೇಕು. ಎರಡರ ನಡುವಿನ ಸಂದಿನಲ್ಲಿ ಲೋಹ ಹರಿಯುತ್ತದೆ. ಆ ಒಳಗಿನ ಮುದ್ದೆಯೇ ತಿರುಳು. ಕಾರ್ಖಾನೆಯಲ್ಲಿ ಕುಲುಮೆ, ಮೂಸೆ, ಇಕ್ಕಳ ಎಲ್ಲ ಗಂಡಸರದ್ದು; ತಿರುಳು ಕೋಣೆ ಹೆಂಗಸರದ್ದು. ಎಂಟು ಮಂದಿ ಇದ್ದರು. ಅವರಲ್ಲಿ ಇಬ್ಬರು ಅಕ್ಕ ತಂಗಿಯರು, ಆಕೆ ಮತ್ತು ಆಕೆಯ ಅಕ್ಕ. ಹೆಸರು ಹಿಡಿದು ಕರೆಯುವ ಪುರುಸೊತ್ತು ಯಾರಿಗೂ ಇರಲಿಲ್ಲವಾಗಿ ಒಬ್ಬಳಿಗೆ ದೊಡ್ಡವಳು, ಇನ್ನೊಬ್ಬಳಿಗೆ ಚಿಕ್ಕವಳು ಎಂದೇ ಹೆಸರಾಯಿತು. ಈಗ ಅರವತ್ತಾರಾದರೂ, ಮಂಡಿಯಲ್ಲಿ ನೋವು ಬಂದು ಕೂತಿದ್ದರೂ, ಹಳಬರ ಬಾಯಲ್ಲಿ ಆಕೆ ಚಿಕ್ಕವಳೇ.

ಸಂಶೋಧಕಿ ಚಿಕ್ಕವಳನ್ನು ಒಳಗೆ ಕರೆದುಕೊಂಡು ಹೋಗಿ ಮೇಜಿನ ಮೇಲಿದ್ದ ಚಿತ್ರವನ್ನು ತೋರಿಸಿದಳು. ಅಂಗೈಯಷ್ಟು ಉದ್ದದ ಕಂಚಿನ ನೀರುಹಕ್ಕಿ. ಕೊರಳನ್ನು ಹಿಂದಕ್ಕೆ ತಿರುಗಿಸಿ ತನ್ನದೇ ಬೆನ್ನಿನಲ್ಲಿ ಏನನ್ನೋ ಹುಡುಕುವಂತಿತ್ತು. ನದಿಯ ದಂಡೆಯಲ್ಲಿ ಅಡಿಪಾಯ ತೋಡುವಾಗ ಸಿಕ್ಕಿದ್ದಂತೆ. ಮೈ ಉಗುರಿನಷ್ಟೇ ತೆಳುವಂತೆ. ಹೊಟ್ಟೆಯೊಳಗಿನ ತಿರುಳು ಹಾಗೇ ಉಳಿದುಕೊಂಡಿತ್ತು, ಮಾಡಿದವರು ಅದನ್ನು ಯಾಕೋ ಹೊರಗೆ ತೆಗೆದಿರಲಿಲ್ಲ. ಅದರಿಂದ ಒಂದು ಚಿಟಿಕೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಮರಳು, ಜೇಡಿ, ಸಗಣಿ, ಪ್ರಾಣಿಯ ಕೂದಲು, ಹುಲ್ಲಿನ ನಾರು. ಇದೇ ಐದನ್ನು ಹಾಕಿ ಸಂಶೋಧಕಿಯೂ ಶಿಲ್ಪಿಯೂ ಸೇರಿ ನಾಲ್ಕು ಸಲ ಮಾಡಿದ್ದರು, ನಾಲ್ಕು ಸಲವೂ ಕೆಟ್ಟಿತ್ತು.

"ಸಾಮಾನಿನ ಪಟ್ಟಿ ಇದೆ. ಅಡುಗೆ ಹೇಗೆ ಮಾಡಿದ್ರು ಅನ್ನೋದು ಗೊತ್ತಿಲ್ಲ" ಎಂದಳು ಸಂಶೋಧಕಿ.

ಚಿಕ್ಕವಳು ಪಟ್ಟಿಯನ್ನು ಎರಡು ಸಲ ಓದಿದಳು. ಮರಳು, ಜೇಡಿ, ಸಗಣಿ, ಕೂದಲು, ಹುಲ್ಲು. ಕೋಣೆಗೆ ಮೆಷಿನ್ ಬರುವ ಮುಂಚೆ ಅವರೂ ಇದನ್ನೇ ಕಲಸುತ್ತಿದ್ದರು, ಕುದುರೆಯ ಲದ್ದಿ ಸಿಕ್ಕಿದರೆ ಇನ್ನೂ ಒಳ್ಳೆಯದು ಎನ್ನುತ್ತಿದ್ದರು. ನಾನು ಮಾಡಿಕೊಡುತ್ತೇನೆ ಎಂದುಬಿಟ್ಟಳು. ಮೂವತ್ತೊಂದು ವರ್ಷ ದುಡಿದದ್ದನ್ನು ಯಾರಾದರೂ ಕೇಳಿದ್ದು ಇದೇ ಮೊದಲು.

ಮಾರನೆಯ ದಿನದಿಂದ ಆಕೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂರತೊಡಗಿದಳು. ಕೈಗೆ ಕೆಲಸ ಮರೆತಿರಲಿಲ್ಲ. ಹಕ್ಕಿಯ ಒಡಲನ್ನು ಮಣ್ಣಿನಲ್ಲಿ ತಿದ್ದಿದಳು. ಉರಿ ತಗುಲಿದಾಗ ಹೊಗೆ ಹೊರಹೋಗಲೆಂದು ಒಳಗೆ ನಾಲ್ಕು ಹುಲ್ಲುಕಡ್ಡಿ ಹುದುಗಿಸಿಟ್ಟಳು. ಕಡ್ಡಿ ಸುಟ್ಟುಹೋಗಿ ದಾರಿ ಉಳಿಯುತ್ತದೆ. ಇದನ್ನು ನೋಡಿ ಶಿಲ್ಪಿ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ. ಅವನು ಜೇನುಮೇಣವನ್ನು ತೆಳ್ಳಗೆ ಲಟ್ಟಿಸಿ ತಿರುಳಿನ ಮೈಗೆ ಹೊದಿಸುತ್ತಿದ್ದ, ಅದರ ಮೇಲೆ ಗರಿ, ಕಣ್ಣು, ಕೊಕ್ಕು ಮೂಡಿಸುತ್ತಿದ್ದ. ಮತ್ತೆ ಅದರ ಮೇಲೆ ಮಣ್ಣಿನ ಹೊದಿಕೆ. ಬೆಂಕಿಗಿಟ್ಟರೆ ಮೇಣ ಕರಗಿ ಹೊರಗೆ, ಮೇಣವಿದ್ದ ಜಾಗಕ್ಕೆ ಕಂಚು. ಎಲ್ಲ ಸರಿಯಾಗಿತ್ತು. ಆದರೆ ಮೊದಲನೆಯ ತಿರುಳು ಬೇಯುವಾಗಲೇ ನಡುವಿಗೆ ಬಿರುಕುಬಿಟ್ಟಿತು. ಎರಡನೆಯದು ಲೋಹ ತಾಕಿದ್ದೇ ಪುಡಿಪುಡಿಯಾಗಿ, ಹಕ್ಕಿಯ ಮೈಯೆಲ್ಲ ಸಿಡುಬಿನ ಕಲೆಯಾಯಿತು.

ಈ ಕಡೆಯ ಜೇಡಿಯೇ ಸರಿಯಿಲ್ಲ ಎಂದಳು ಚಿಕ್ಕವಳು. ಮನೆಗೆ ಹೋಗುವ ದಾರಿಯಲ್ಲಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತನ್ನನ್ನು ತಾನೇ ಬೈದುಕೊಂಡಳು. ಜೇಡಿಯ ತಪ್ಪಲ್ಲವೆಂದು ಅವಳಿಗೆ ಗೊತ್ತಿತ್ತು. ಕೋಣೆಯಲ್ಲಿ ತಿದ್ದುವುದು, ಸುಡುವುದು ಅವಳ ಕೆಲಸ. ಮಣ್ಣು ಕಲಸುವವಳು ಅಕ್ಕ. ಹದವಾದ ಮಣ್ಣು ಪ್ರತಿ ಬೆಳಿಗ್ಗೆ ಬುಟ್ಟಿಯಲ್ಲಿ ಬಂದು ಅವಳ ಮುಂದೆ ಕೂರುತ್ತಿತ್ತು. ಮನೆಯಲ್ಲಿ ಬಡಿಸಿದ್ದನ್ನು ಉಂಡು ಏಳುವ ಹಾಗೆ, ಅದು ಹೇಗಾಯಿತೆಂದು ಅವಳು ಒಂದು ದಿನವೂ ಕೇಳಿರಲಿಲ್ಲ.

ಅಕ್ಕನನ್ನು ಕೇಳಬೇಕಿತ್ತು. ಅದು ಸುಲಭವಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಕಾರ್ಖಾನೆಗೆ ತಿರುಳು ಮಾಡುವ ಮೆಷಿನ್ ಬಂತು. ಅಂಟು ಬೆರೆಸಿದ ಮರಳನ್ನು ಸುರಿದು ಗುಂಡಿ ಒತ್ತಿದರೆ ನಿಮಿಷಕ್ಕೊಂದು ತಿರುಳು. ಎಂಟು ಹೆಂಗಸರಲ್ಲಿ ಇಬ್ಬರು ಸಾಕೆಂದರು. ಚಿಕ್ಕವಳನ್ನು ಮೇಲ್ವಿಚಾರಣೆಗೆ ಇಟ್ಟುಕೊಂಡರು. ಹಿತ್ತಲಿನಲ್ಲಿ ಅಕ್ಕ ಮಣ್ಣು ಕೊಳೆಹಾಕುತ್ತಿದ್ದ ಗುಂಡಿಗೆ ಕಲ್ಲು ತುಂಬಿಸಿ ಮೇಲೆ ಸಿಮೆಂಟು ಬಳಿಸಬೇಕೆಂಬ ಕಾಗದಕ್ಕೆ ಮೊದಲ ದಿನವೇ ಅವಳ ಸಹಿ ಬೇಕಾಯಿತು. ಅವಳು ಹಾಕಿದಳು. ಅಕ್ಕ ಗುಂಡಿಯ ಪಕ್ಕದಲ್ಲಿ ನಿಂತು ಕೊನೆಯ ಬುಟ್ಟಿ ಕಲ್ಲು ಬೀಳುವವರೆಗೂ ನೋಡಿದಳು. ಆಮೇಲೆ ಏಪ್ರನ್ನು ಬಿಚ್ಚಿ, ಮಡಚಿ, ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಂದಲ್ಲ ಒಂದು ದಿನ ಮುಗಿಯುತ್ತಿತ್ತು. ಅಂದಿನಿಂದ ಮದುವೆಗೋ ಸಾವಿಗೋ ಸೇರಿದಾಗ ಊಟವಾಯಿತೇ, ಕಾಲುನೋವು ಹೇಗಿದೆ ಎಂದು ಕೇಳಿಕೊಳ್ಳುತ್ತಿದ್ದರು. ಅಷ್ಟೇ. ಆ ಮೆಷಿನ್ನಿನ ಭಾಗ್ಯವೂ ಹನ್ನೊಂದು ವರ್ಷಕ್ಕೆ ಮುಗಿದು ಕಾರ್ಖಾನೆಯೇ ಮುಚ್ಚಿಹೋಯಿತು.

ಅಕ್ಕ ಈಗ ಊರಿನ ಇನ್ನೊಂದು ತುದಿಯಲ್ಲಿ, ಮೂರನೆಯ ಮಹಡಿಯಲ್ಲಿ, ಟೀಚರಾಗಿದ್ದ ಮಗಳ ಜೊತೆ ಇದ್ದಳು. ಎಪ್ಪತ್ತನಾಲ್ಕು ವಯಸ್ಸು. ಒಂದು ಕಣ್ಣಿನ ಪೊರೆ ತೆಗೆಸಿ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡಿದ್ದಳು. ಚಿಕ್ಕವಳು ಹೋದಾಗ ಒಣಗಿದ ಬಟ್ಟೆಗಳನ್ನು ಮಡಚುತ್ತ ಕೂತಿದ್ದವಳು, ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡಳು. ಹಕ್ಕಿಯ ವಿಷಯ, ಸಂಶೋಧಕಿಯ ವಿಷಯ, ಎರಡು ಸಲ ತಾನು ಕೆಡಿಸಿದ್ದು. ಕೊನೆಗೆ, ಅದೆಲ್ಲ ಎಲ್ಲಿ ನೆನಪಿದೆ, ಮರೆತುಹೋಯಿತು ಎಂದು ದಿಂಬಿನ ಚೀಲವನ್ನು ಕೊಡವಿದಳು. ಚಹಾ ಮಾಡಿಕೊಟ್ಟಳು. ಬಿಸ್ಕತ್ತು ಇಟ್ಟಳು. ಮರೆತಿದ್ದೇನೆಂದು ಹೇಳಿದ ವಿಷಯಕ್ಕೆ ಮಾತ್ರ ವಾಪಸು ಬರಲಿಲ್ಲ.

ಚಿಕ್ಕವಳು ಏಳುವಾಗ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ತನ್ನ ಕೆಟ್ಟ ಮಣ್ಣಿನ ಮುದ್ದೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮರೆತಂತೆ ಬಿಟ್ಟುಬಂದಳು.

ಮರುದಿನ ಮಧ್ಯಾಹ್ನ ಅಕ್ಕನ ಮಗಳು ಫೋನು ಮಾಡಿದಳು. "ಚಿಕ್ಕಮ್ಮ, ಅದೇನು ತಂದಿಟ್ಟು ಹೋದ್ರಿ? ಅಮ್ಮ ಬೆಳಿಗ್ಗೆಯಿಂದ ಅಡುಗೆಮನೆ ಬಾಗಿಲು ಹಾಕ್ಕೊಂಡು ಅದನ್ನ ನಾದ್ತಾ ಕೂತಿದಾಳೆ. ಮನೆಯೆಲ್ಲ ಕೊಟ್ಟಿಗೆ ವಾಸನೆ. ದಯವಿಟ್ಟು ಬಂದು ಇಬ್ಬರನ್ನೂ ಕರ್ಕೊಂಡು ಹೋಗಿ, ಮಣ್ಣನ್ನೂ ಅಮ್ಮನನ್ನೂ."

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು, ಮಡಿಲಿನಲ್ಲಿ ಮುದ್ದೆಯನ್ನಿಟ್ಟುಕೊಂಡು, ಒಂದೇ ಒಂದು ಮಾತು ಹೇಳಿದಳು. ಮಣ್ಣು, ಸಗಣಿ, ಕೂದಲು ಇದರಲ್ಲಿ ಇನ್ನೂ ಬೇರೆ ಬೇರೆ ಮಾತಾಡುತ್ತಿವೆ, ಒಂದೂ ಇನ್ನೊಂದರ ಮಾತು ಕೇಳುತ್ತಿಲ್ಲ ಎಂದಳು. ನಮ್ಮ ಮನೆಯವರ ಹಾಗೆ ಎಂದು ಚಿಕ್ಕವಳಿಗೆ ಬಾಯಿತುದಿಗೆ ಬಂತು. ನುಂಗಿಕೊಂಡಳು.

ಗೇಟಿನೊಳಗೆ ಬಂದಾಗ ಅಕ್ಕ ಬಿಳಿ ಗೋಡೆಗಳನ್ನು ನೋಡಲಿಲ್ಲ. ನೇರವಾಗಿ ಹಿತ್ತಲಿಗೆ ಹೋದಳು. ಸಿಮೆಂಟಿನ ಚಪ್ಪಡಿ ಹಾಗೇ ಇತ್ತು, ಅದರ ಮೇಲೆ ಈಗ ಯಾರೋ ಹೂಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಅದನ್ನು ಬಿಟ್ಟು ನಾಲ್ಕು ಮಾರು ಆಚೆ ಹೊಸ ಗುಂಡಿ ತೋಡಲು ಶಿಲ್ಪಿಗೆ ಜಾಗ ತೋರಿಸಿದಳು. ಮಂಡಿಯುದ್ದ ಆಳ, ಒಂದು ಮಾರು ಅಗಲ. ಕೂದಲನ್ನು ಬೆರಳಗಲಕ್ಕೆ ಕತ್ತರಿಸಬೇಕು. ಹುಲ್ಲನ್ನು ತುಳಿದು ನಾರು ಮಾಡಬೇಕು. ಒಣಗಿದ ಸಗಣಿಯಲ್ಲ, ಹಸಿಯದೂ ಅಲ್ಲ, ಮೇಲೆ ಹೆಕ್ಕಳೆಗಟ್ಟಿ ಒಳಗೆ ಮೆತ್ತಗಿರುವುದು ಬೇಕು. ಮರೆತುಹೋಯಿತು ಎಂದವಳ ಬಾಯಿಂದ ಒಂದೊಂದೇ ಬಂತು.

ಸಂಶೋಧಕಿಗೆ ಎಲ್ಲವೂ ಅಂಕಿಯಲ್ಲಿ ಬೇಕಿತ್ತು. ಅಕ್ಕ ಹಾಕುವ ಪ್ರತಿ ಹಿಡಿಯನ್ನೂ ಮೊದಲು ತಕ್ಕಡಿಯ ಮೇಲಿಡಬೇಕೆಂದು ಕೇಳಿಕೊಂಡಳು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನ್ನ ಕೈಗೆ ಪರೀಕ್ಷೆ ಎಂದು ಅಕ್ಕ ಗೊಣಗಿದರೂ ಒಪ್ಪಿದಳು. ಮೊದಲ ಹಿಡಿ ನೂರ ನಲವತ್ತು ಗ್ರಾಂ ಬಂತು, ಎರಡನೆಯದು ನೂರ ಎಪ್ಪತ್ತು, ಮೂರನೆಯದು ನೂರ ಹತ್ತು. ಸಂಶೋಧಕಿ ಸಂಕೋಚದಿಂದಲೇ, ಅಳತೆ ಒಂದೇ ಸಮ ಇಲ್ಲವಲ್ಲ ಎಂದಳು. ಸಗಣಿ ಒಂದೇ ಸಮ ಇದೆಯೇ ಎಂದು ಅಕ್ಕ ಕೇಳಿದಳು. ಕಲಸಿದ ಮಣ್ಣಿನಿಂದ ನಿಂಬೆಯಷ್ಟು ತೆಗೆದು, ಮುಷ್ಟಿಯಲ್ಲಿ ಹಿಸುಕಿ, ಕೈ ಬಿಡಿಸಿದಳು. ಬೆರಳಿನ ಗೆರೆಗಳು ಮಣ್ಣಿನ ಮೇಲೆ ಕೊರೆದಂತೆ ನಿಂತಿದ್ದವು. ಅದನ್ನು ಸೊಂಟದೆತ್ತರದಿಂದ ಕೆಳಗೆ ಬಿಟ್ಟಳು. ಮೂರು ಚೂರಾಯಿತು. ಇನ್ನೊಂದು ಉಂಡೆ ಮಾಡಿ ಬಿಟ್ಟಳು. ಅದೂ ಮೂರು ಚೂರು. ಆ ಸಂಜೆ ಸಂಶೋಧಕಿ ತನ್ನ ನೋಟ್‌ಬುಕ್ಕಿನಲ್ಲಿ ಗ್ರಾಂ ಎಂದು ಬರೆದ ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆದು "ಮುಷ್ಟಿ" ಎಂದು ಬರೆದುಕೊಂಡಳು.

ಮಣ್ಣು ಮೂರು ವಾರ ಕೊಳೆಯಬೇಕಿತ್ತು. ದಿನ ಬಿಟ್ಟು ದಿನ ತುಳಿದು ತಿರುಗಿಸಬೇಕಿತ್ತು. ಅಕ್ಕನಿಗೆ ತುಳಿಯಲಾಗದು. ಅವಳು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರುತ್ತಿದ್ದಳು, ಚಿಕ್ಕವಳು ಬಟ್ಟೆಯನ್ನು ಮಂಡಿಗೆ ಎತ್ತಿ ಕಟ್ಟಿ ಗುಂಡಿಗಿಳಿಯುತ್ತಿದ್ದಳು. ಎಡಕ್ಕೆ ತುಳಿ, ಮೂಲೆ ಬಿಟ್ಟೆ, ಅಲ್ಲಿ ನೀರು ನಿಂತಿದೆ, ಎಂದು ಅಕ್ಕ ಮೇಲಿನಿಂದ ಹೇಳುತ್ತಿದ್ದಳು. ಸಂಶೋಧಕಿ ಪಕ್ಕದಲ್ಲಿ ಕೂತು ಹಳೆಯ ಕಥೆಗಳನ್ನು ಕೇಳುತ್ತಿದ್ದಳು. ಅಕ್ಕನಿಗೆ ಕೆಲಸ ಕಲಿಸಿದ ಮಣ್ಣಜ್ಜಿ ಎಂಬವಳಿದ್ದಳಂತೆ. ಬಾಯಲ್ಲಿ ಒಂದೇ ಹಲ್ಲು, ಆ ಹಲ್ಲಿನಲ್ಲೇ ಕಚ್ಚಿ ತಿರುಳು ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳಂತೆ. ಒಂದು ಚಳಿಗಾಲ ಎಂಟು ಹೆಂಗಸರೂ ತಿರುಳು ಸುಡುವ ಒಲೆಗೆ ಬೆನ್ನು ಹಾಕಿ ಕೂತು ಒಂದೇ ಬುತ್ತಿಯಲ್ಲಿ ಉಂಡದ್ದು, ಒಲೆಯೊಳಗೆ ಗೆಣಸು ಬಚ್ಚಿಟ್ಟು ಸಿಕ್ಕಿಬಿದ್ದದ್ದು, ತಪಾಸಣೆಗೆ ಬಂದ ಸಾಹೇಬರ ಬಿಳಿ ಪ್ಯಾಂಟಿಗೆ ಕೆಸರು ಹಾರಿಸಿ ಯಾರು ಎಂದು ಯಾರೂ ಹೇಳದೆ ಹೋದದ್ದು. ಹಾರಿಸಿದ್ದು ತಾನೇ ಎಂದು ಅಕ್ಕ ಈಗ ಒಪ್ಪಿಕೊಂಡಳು. ಚಿಕ್ಕವಳು ಗುಂಡಿಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಲವತ್ತು ವರ್ಷ ಆ ಕೆಲಸ ಬೇರೆ ಒಬ್ಬಳದೆಂದು ನಂಬಿದ್ದಳು.

ಎರಡನೆಯ ವಾರ ಸಂಶೋಧಕಿ, ಮೂರು ವಾರ ಯಾಕೆ ಬೇಕು, ನಿಮ್ಮ ಕಾಲದಲ್ಲಿ ದಿನಾ ಮಣ್ಣು ಹೇಗೆ ಸಿಗುತ್ತಿತ್ತು ಎಂದು ಕೇಳಿದಳು. ಹೆಪ್ಪು ಇರುತ್ತಿತ್ತಲ್ಲ ಎಂದಳು ಅಕ್ಕ. ಗುಂಡಿಯನ್ನು ಯಾವತ್ತೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ತಳದಲ್ಲಿ ಎರಡು ಬುಟ್ಟಿ ಹಳೆಯ ಮಣ್ಣು ಬಿಟ್ಟು ಅದರ ಮೇಲೆ ಹೊಸದನ್ನು ಹಾಕುವುದು. ವಾರದೊಳಗೆ ಹಳೆಯದು ಹೊಸದನ್ನು ತನ್ನ ಹಾಗೆ ಮಾಡಿಕೊಳ್ಳುತ್ತದೆ. ಮಣ್ಣಜ್ಜಿ ಸೇರಿದಾಗಲೂ ಗುಂಡಿಯಲ್ಲಿ ಹೆಪ್ಪು ಇತ್ತು. ಅದಕ್ಕೆ ಮುಂಚೆ ಎಷ್ಟು ವರ್ಷದ್ದೋ ಅವಳಿಗೂ ಗೊತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದ ಸಂಶೋಧಕಿಯ ಕೈ ನಿಂತಿತು.

ಇದನ್ನು ಕೇಳಿಸಿಕೊಂಡ ಶಿಲ್ಪಿ ಯಾರನ್ನೂ ಕೇಳದೆ ಹೋಗಿ ಹೂಕುಂಡಗಳನ್ನು ಸರಿಸಿ ಹಾರೆಯಿಂದ ಚಪ್ಪಡಿಯನ್ನು ಒಡೆದ. ಕಲ್ಲುಗಳನ್ನು ಎತ್ತಿ ಹಾಕಲು ಒಂದು ಬೆಳಗು ಹಿಡಿಯಿತು. ತಳದಲ್ಲಿ ಬೂದುಬಣ್ಣದ ಗಟ್ಟಿ ಹೆಂಟೆ ಸಿಕ್ಕಿತು. ಅವನು ಎರಡೂ ಕೈಯಲ್ಲಿ ಹಿಡಿದು ತಂದದ್ದನ್ನು ಅಕ್ಕ ಕನ್ನಡಕ ಮೇಲೆತ್ತಿ ನೋಡಿದಳು. ಪುಡಿ ಮಾಡಿ ಮೂಸಿದಳು. ನಾಲಿಗೆಯ ತುದಿಗೆ ಇಟ್ಟುಕೊಂಡಳು.

"ಇದು ಸತ್ತಿದೆ. ಬರೀ ಮಣ್ಣು" ಎಂದಳು. ಆದರೂ ಎಸೆಯಲಿಲ್ಲ. ಪುಡಿಯನ್ನು ಹೊಸ ಗುಂಡಿಯ ಮೇಲೆ ಉದುರಿಸಿ, ತುಳಿ ಎಂದು ತಂಗಿಗೆ ಸನ್ನೆ ಮಾಡಿದಳು.

ಶಿಲ್ಪಿಯೂ ಸಂಶೋಧಕಿಯೂ ಊಟಕ್ಕೆ ಹೋದ ಮೇಲೆ ಚಿಕ್ಕವಳು ತುಳಿಯುವುದನ್ನು ನಿಲ್ಲಿಸಿದಳು. ಮೀನಖಂಡದವರೆಗೂ ಕೆಸರಿನಲ್ಲಿ ನಿಂತೇ ಹೇಳಿದಳು. ಮೆಷಿನ್ ಬಂದ ವಾರ ಸಾಹೇಬರು ಅವಳನ್ನು ಕರೆದು, ನಿನ್ನ ಅಕ್ಕನೂ ಇದನ್ನು ಕಲಿಯುತ್ತಾಳೇನು ಎಂದು ಕೇಳಿದ್ದರು. ಇಬ್ಬರನ್ನೇ ಇಟ್ಟುಕೊಳ್ಳುವುದೆಂದು ಅವಳಿಗಾಗಲೇ ಗೊತ್ತಿತ್ತು.

"ಅವಳಿಗೆ ಆಗಲ್ಲ ಅಂದ್ಬಿಟ್ಟೆ ಅಕ್ಕ."

ಅಕ್ಕ ಕೈಗೆ ಅಂಟಿದ್ದ ಪುಡಿಯನ್ನು ಕೊಡವಿಕೊಂಡಳು. "ಗೊತ್ತು. ಬಾಗಿಲ ಹೊರಗಡೆ ನಾನೇ ನಿಂತಿದ್ದೆ, ಲೆಕ್ಕದ ಚೀಟಿ ಕೊಡೋಕೆ ಬಂದಿದ್ದೆ."

ಚಿಕ್ಕವಳು ಗುಂಡಿಯ ಅಂಚಿನಲ್ಲಿ ಕೂತಳು. ಇಷ್ಟು ವರ್ಷವೂ ಗೊತ್ತಿದ್ದೂ ಊಟವಾಯಿತೇ ಎಂದು ಕೇಳುತ್ತಿದ್ದಳಲ್ಲ ಎನ್ನಿಸಿತು.

"ನೀನು ಹೇಳಿದ್ದು ನಿಜಾನೇ" ಎಂದಳು ಅಕ್ಕ. "ಆ ಮೆಷಿನ್ ನಂಗೆ ಬರ್ತಿರ್ಲಿಲ್ಲ. ಗುಂಡಿ ಒತ್ತೋದು, ದೀಪ ನೋಡೋದು. ನಿಂಗೆ ಎರಡು ಸಣ್ಣ ಮಕ್ಕಳು ಬೇರೆ. ಕೆಲಸ ಹೋಗಿದ್ದು ನಂಗೆ ಬೇಜಾರಿಲ್ಲ. ಒಂದು ಬುಟ್ಟಿ, ಚಿಕ್ಕವಳೇ. ಕಲ್ಲು ಸುರಿಯೋ ಮುಂಚೆ ಒಂದೇ ಒಂದು ಬುಟ್ಟಿ ಎತ್ತಿಡು ಅಂತ ನೀನಾದ್ರೂ ಹೇಳಬೋದಿತ್ತು. ನಾನು ಅದಕ್ಕೇ ಅಲ್ಲಿ ನಿಂತಿದ್ದೆ."

"ನೀನೇ ಯಾಕೆ ಕೇಳ್ಲಿಲ್ಲ?"

"ಸಹಿ ನಿಂದಿತ್ತಲ್ಲ" ಎಂದಳು ಅಕ್ಕ.

ಆಮೇಲೆ, ಕೆಸರು ಒಣಗಿದರೆ ಕಾಲಿಗೆ ಬಿಗಿಯುತ್ತದೆ, ಎದ್ದು ಮುಗಿಸು ಎಂದಳು. ಚಿಕ್ಕವಳು ಎದ್ದಳು. ಆ ಮಧ್ಯಾಹ್ನ ಅವಳು ಒಂದು ಮೂಲೆಯನ್ನೂ ಬಿಡದೆ ತುಳಿದಳು.

ಮಣ್ಣಿಗೆ ಹುಳಿ ಬಂತು, ಹುಳಿ ಹೋಗಿ ಮಳೆ ಬಿದ್ದ ಮೇಲಿನ ನೆಲದ ವಾಸನೆ ಬಂತು. ಆಗ ಅಕ್ಕ ಸರಿ ಎಂದಳು. ಚಿಕ್ಕವಳು ತಿರುಳು ತಿದ್ದಿದಳು, ಕಡ್ಡಿ ಹುದುಗಿಸಿದಳು, ನೆರಳಿನಲ್ಲಿ ಹತ್ತು ದಿನ ಒಣಗಿಸಿ ಸುಟ್ಟಳು. ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದರೆ ಗಡಿಗೆಯ ಸದ್ದು ಬಂತು. ಶಿಲ್ಪಿ ಮೇಣ ಹೊದಿಸಿದ, ಕಂಚಿನ ಸಣ್ಣ ಮೊಳೆಗಳಿಂದ ತಿರುಳನ್ನು ಅಲುಗಾಡದಂತೆ ನಿಲ್ಲಿಸಿದ, ಹೊರಗಿನ ಮಣ್ಣು ಮೆತ್ತಿದ.

ಎರಕದ ದಿನ ಗೇಟಿಗೆ ಬೋರ್ಡು ಹಾಕಲಿಲ್ಲ. ಲೋಹದ ಬಣ್ಣ ಸರಿಯಾಗಿ ಕಾಣಲೆಂದು ಶೆಡ್ಡಿನ ಬಾಗಿಲುಗಳನ್ನು ಅರ್ಧ ಮುಚ್ಚಿದ್ದರು. ಸಂಶೋಧಕಿ ಗಾಳಿ ಊದುವ ಎರಡು ಚರ್ಮದ ತಿದಿಗಳ ನಡುವೆ ಕೂತು ಒಂದಾದ ಮೇಲೊಂದು ಒತ್ತುತ್ತಿದ್ದಳು. ಇದ್ದಿಲು ಕೆಂಪಾಗಿ, ಹಳದಿಯಾಗಿ, ಮೂಸೆಯೊಳಗೆ ತಾಮ್ರವೂ ತವರವೂ ಕೂಡಿ ಕನ್ನಡಿಯಂತೆ ಅಲುಗಿದವು. ಮೇಣವೆಲ್ಲ ಹರಿದುಹೋಗಿ ಕಾದಿದ್ದ ಅಚ್ಚನ್ನು ಮರಳಿನಲ್ಲಿ ನಿಲ್ಲಿಸಿದ್ದರು. ಶಿಲ್ಪಿ ಇಕ್ಕಳ ಎತ್ತಿದ.

ಅಕ್ಕ ತನ್ನ ಕನ್ನಡಕವನ್ನು ತೆಗೆದು, ಕೈಚಾಚಿ ಅಚ್ಚಿನ ಬಾಯಿಯ ಮೇಲೆ ಒಂದು ಗಳಿಗೆ ಹಿಡಿದಳು. ಗಾಜು ಮಬ್ಬಾಯಿತು. "ಒಳಗೆ ಇನ್ನೂ ಹಸಿ ಇದೆ. ಇನ್ನೂ ಅರ್ಧ ಗಂಟೆ" ಎಂದಳು. ಮತ್ತೆ ಬೆಂಕಿಗೆ ಇಡಬೇಕೆಂದಳು.

ಶಿಲ್ಪಿಗೆ ತಡೆಯಲಾಗಲಿಲ್ಲ. ಲೋಹ ಹದಕ್ಕೆ ಬಂದಾಗಿದೆ, ಹೆಚ್ಚು ಕಾದರೆ ತವರ ಸುಟ್ಟುಹೋಗುತ್ತದೆ, ಇಷ್ಟು ಇದ್ದಿಲು ಇನ್ನೊಮ್ಮೆ ಸಿಗುವುದಿಲ್ಲ, ಮಬ್ಬು ಬೆವರಿನದ್ದೂ ಇರಬಹುದು, ಎಂದ. ಸಂಶೋಧಕಿ ತಿದಿ ಒತ್ತುತ್ತಲೇ ಇದ್ದಳು. ಕಣ್ಣು ಸರಿಯಾಗಿ ಕಾಣದ ಮುದುಕಿಯನ್ನು ಬಿಟ್ಟು ಅವನು ಚಿಕ್ಕವಳ ಕಡೆ ತಿರುಗಿದ. ನೀವು ಹೇಳಿ, ನಿಮ್ಮ ಮೂಗು ಏನನ್ನುತ್ತದೆ ಎಂದ.

ಚಿಕ್ಕವಳ ಮೂಗಿಗೆ ಹೊಗೆಯ ಹೊರತು ಏನೂ ಸಿಗುತ್ತಿರಲಿಲ್ಲ.

"ಅಕ್ಕ ಅರ್ಧ ಗಂಟೆ ಅಂದ್ಲು. ಅರ್ಧ ಗಂಟೆ" ಎಂದಳು.

ಅವನು ಹಲ್ಲು ಕಚ್ಚಿ ಇಕ್ಕಳ ಇಳಿಸಿದ. ಮೂಸೆಯ ಮೇಲೆ ಇದ್ದಿಲಪುಡಿ ಮುಚ್ಚಿ, ಗಾಳಿ ಕಡಿಮೆ ಮಾಡಿ, ಅಚ್ಚನ್ನು ಮತ್ತೆ ಕೆಂಡದಲ್ಲಿ ಹೂತರು. ಅಕ್ಕ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ ಕೂತಿದ್ದಳು. ಎರಡನೆಯ ಸಲ ಹಿಡಿದಾಗ ಗಾಜು ಸ್ವಲ್ಪವೂ ಮಸುಕಾಗಲಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ, ಹಾಕಿಕೊಂಡು, ತಲೆಯಾಡಿಸಿದಳು.

ಕಂಚು ಸದ್ದಿಲ್ಲದೆ ಒಳಗಿಳಿಯಿತು. ಬಾಯಾರಿದವರ ಗಂಟಲಿಗೆ ನೀರು ಇಳಿಯುವ ಹಾಗೆ ಒಂದೇ ಧಾರೆಯಾಗಿ ಇಳಿದು, ಅಂಚಿನವರೆಗೆ ತುಂಬಿ ನಿಂತಿತು. ಹುಲ್ಲುಕಡ್ಡಿಗಳು ಬಿಟ್ಟುಹೋದ ದಾರಿಗಳಲ್ಲಿ ಸಣ್ಣ ನೀಲಿ ಉರಿಗಳು ಕಾಣಿಸಿಕೊಂಡವು. ಒಂದು, ಎರಡು, ಮೂರು ಎಂದು ಅಕ್ಕ ಬೆರಳು ಮಡಚಿದಳು. ನಾಲ್ಕನೆಯದು ತಡವಾಗಿ ಬಂತು. ಆಗ ಅವಳು ಬುಟ್ಟಿಯ ಮೇಲೆ ಕೂತಳು.

ಮರುದಿನ ಬೆಳಿಗ್ಗೆ ಅಚ್ಚು ಒಡೆದರು. ಬಾಲದ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗಕ್ಕೆ ಲೋಹ ಹರಿದಿರಲಿಲ್ಲ. ಉಳಿದಂತೆ ಹಕ್ಕಿ ಪೂರ್ತಿಯಾಗಿತ್ತು, ಕಪ್ಪಗೆ, ಇನ್ನೂ ಬೆಚ್ಚಗೆ, ಕೊರಳನ್ನು ಹಿಂದಕ್ಕೆ ತಿರುಗಿಸಿಕೊಂಡು. ಶಿಲ್ಪಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಕವೇ ಇಲ್ಲ, ತೂಕವೇ ಇಲ್ಲ ಎಂದು ಎರಡು ಸಲ ಹೇಳಿದ. ಆಮೇಲೆ ಅಕ್ಕನ ಮುಂದೆ ಮಂಡಿಯೂರಿ ಕೂತು ಅವಳ ಮಡಿಲಿಗೆ ಇಟ್ಟ. ಸಂಶೋಧಕಿ ತೋಳಿನಿಂದ ಮುಖ ಒರೆಸಿಕೊಂಡಳು. ಮಸಿ ಇನ್ನಷ್ಟು ಹರಡಿತು.

ಹೊಟ್ಟೆಯ ತೂತಿನಿಂದ ತಿರುಳನ್ನು ತೆಗೆಯುವುದು ಉಳಿದಿತ್ತು. ಸಂಶೋಧಕಿ, ಹಳೆಯ ಹಕ್ಕಿಯಲ್ಲಿ ಇದ್ದ ಹಾಗೆ ಒಳಗೇ ಬಿಡೋಣವೇ ಎಂದು ಕೇಳಿದಳು. ಅಕ್ಕ ಬೇಡವೆಂದಳು. ಬಾಗಿಸಿದ ತಂತಿಯನ್ನು ಒಳಗೆ ತೂರಿಸಿ ಮೆಲ್ಲಗೆ ಕೆರೆದಳು. ಒಂದು ತಿಂಗಳು ಕೊಳೆಸಿ, ತುಳಿದು, ತಿದ್ದಿ, ಸುಟ್ಟ ಮಣ್ಣು ಹಳೆಯ ಪತ್ರಿಕೆಯ ಮೇಲೆ ಕರಿಪುಡಿಯಾಗಿ ಉದುರಿತು. ಸಂಶೋಧಕಿ ಒಂದೊಂದು ಚೂರನ್ನೂ ಎತ್ತಿ ಕಾಗದದ ಕವರುಗಳಿಗೆ ಹಾಕಿ ಮೇಲೆ ತಾರೀಕು ಬರೆಯತೊಡಗಿದಳು. ಅದನ್ನು ನೋಡಿ ಅಕ್ಕನಿಗೆ ನಗು ಬಂತು.

"ಇದನ್ನ ನಾವು ಗುಡಿಸಿ ಆಚೆ ಹಾಕ್ತಿದ್ವಿ" ಎಂದಳು. "ದಿನಾ ಬುಟ್ಟಿಗಟ್ಟಲೆ. ಅಲ್ವೇನೇ?"

"ಹೂಂ" ಎಂದಳು ಚಿಕ್ಕವಳು.

ಇಬ್ಬರೂ ಹಿತ್ತಲಿಗೆ ಬಂದರು. ನಲ್ಲಿಯ ಕೆಳಗೆ ಬಕೆಟ್ಟು ತುಂಬಿತ್ತು. ಅಕ್ಕನ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಚಿಕ್ಕವಳು ಚೊಂಬಿನಲ್ಲಿ ನೀರು ಮೊಗೆದು ಹೊಯ್ದಳು. ಅಕ್ಕ ಬೆರಳುಗಳ ಸಂದಿಯನ್ನು, ಉಗುರಿನ ಅಂಚನ್ನು ನಿಧಾನವಾಗಿ ಉಜ್ಜಿಕೊಂಡಳು. ನೀರು ಮೊದಲು ಕಪ್ಪಗೆ ಹರಿಯಿತು, ಆಮೇಲೆ ಬೂದು, ಆಮೇಲೆ ತಿಳಿ. ತಿಳಿಯಾದ ಮೇಲೂ ಅಕ್ಕ ಕೈಗಳನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಹಾಗೇ ಚಾಚಿ ಹಿಡಿದಿದ್ದಳು. ಚಿಕ್ಕವಳು ಬಾಗಿ ಇನ್ನೊಂದು ಚೊಂಬು ಮೊಗೆದಳು.